ಖಾತೆಯಿಂದ ಹಣ ಹೋಯಿತು, ಕಾಲೇಜಿಗೆ ಬರಲಿಲ್ಲ, ಆ್ಯಪ್ ತೆರೆಯಲಿಲ್ಲ: ಬ್ಯಾಂಕನ್ನು ಹೇಗೆ ಕೇಳಬೇಕು?

ಪ್ರಶ್ನೆ: ಈ ತಿಂಗಳ 3ರಂದು ಮಗಳ ಕಾಲೇಜು ಶುಲ್ಕ ₹18,400 ಅನ್ನು ಕಚೇರಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐ ಮೂಲಕ ಕಟ್ಟಿದೆ. ಹಣ ಕಡಿತವಾಗಿದೆ ಎಂದು ಎಸ್‌ಎಂಎಸ್ ಬಂತು, ಆದರೆ ಆ್ಯಪ್‌ನಲ್ಲಿ ಇಂದಿಗೂ ‘ಪ್ರೊಸೆಸಿಂಗ್’ ಎಂದೇ ಇದೆ. ಕಾಲೇಜಿನವರು ಹಣ ಬಂದಿಲ್ಲ ಅನ್ನುತ್ತಾರೆ. 4ರ ಸಂಜೆಯಿಂದ 5ರ ರಾತ್ರಿವರೆಗೆ ಬ್ಯಾಂಕಿನ ಆ್ಯಪ್, ನೆಟ್ ಬ್ಯಾಂಕಿಂಗ್ ಎರಡೂ ತೆರೆಯಲಿಲ್ಲ. ಬೇರೆ ಬ್ಯಾಂಕಿನಲ್ಲಿರುವ ಸಾಲಕ್ಕೆ ಹಣ ಕಳುಹಿಸಲಾಗದೆ 5ರ ಇಎಂಐ ಬೌನ್ಸ್ ಆಗಿ ₹590 ದಂಡ ಬಿತ್ತು. ಕಂತನ್ನು 6ರಂದು ಕಟ್ಟಿದೆ. ಶಾಖೆಗೆ ಮೂರು ಸಲ ಹೋದೆ. ‘ಸರ್ವರ್ ಪ್ರಾಬ್ಲಂ, ತಾನಾಗಿಯೇ ವಾಪಸ್ ಬರುತ್ತೆ, ಕಾಯಿರಿ’ ಎಂಬುದೇ ಉತ್ತರ. ಇಂದು 14. ನಾನು ಯಾರಿಗೆ ದೂರು ಕೊಡಬೇಕು? ಪರಿಹಾರ ಸಿಗುತ್ತದೆಯೇ? (ಓದುಗರು, ದಾವಣಗೆರೆ)

ಉತ್ತರ: ನೀವು ಶಾಖೆಗೆ ಮೂರು ಸಲ ಹೋಗಿದ್ದೀರಿ. ಆದರೆ ಬ್ಯಾಂಕಿನ ದಾಖಲೆಯಲ್ಲಿ ನೀವು ಒಮ್ಮೆಯೂ ದೂರು ಕೊಟ್ಟಿಲ್ಲ. ಕೌಂಟರಿನ ಮುಂದೆ ನಿಂತು ಹೇಳಿದ ಮಾತಿಗೆ ಸಂಖ್ಯೆ ಇಲ್ಲ, ದಿನಾಂಕ ಇಲ್ಲ. ಮುಂದೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ವರೆಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದೇ ‘ಬ್ಯಾಂಕಿಗೆ ಲಿಖಿತವಾಗಿ ಎಂದು ದೂರು ಕೊಟ್ಟಿರಿ?’ ಎಂದು. ಆದ್ದರಿಂದ ಇವತ್ತೇ ಲಿಖಿತ ದೂರು ಕೊಡಿ. ಅದನ್ನು ಹೇಗೆ ಬರೆಯುವುದೆಂದು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಿಮ್ಮದು ಒಂದು ದೂರಲ್ಲ, ಎರಡು. ಶುಲ್ಕದ ಹಣ ದಾರಿಯಲ್ಲಿ ಸಿಕ್ಕಿಕೊಂಡದ್ದು ಒಂದು. ಎರಡು ದಿನ ಸೇವೆ ಸ್ಥಗಿತವಾಗಿ ಇಎಂಐ ತಪ್ಪಿದ್ದು ಇನ್ನೊಂದು. ಮೊದಲನೆಯದಕ್ಕೆ ಗಡುವು, ದಿನದ ಲೆಕ್ಕದ ಪರಿಹಾರ ಎರಡೂ ನಿಯಮದಲ್ಲೇ ಇವೆ. ಎರಡನೆಯದಕ್ಕೆ ಅಂಥ ಸಿದ್ಧ ದರ ಇಲ್ಲ, ನಷ್ಟವನ್ನು ನೀವೇ ತೋರಿಸಿಕೊಡಬೇಕು. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿ ಬರೆದರೆ ಬ್ಯಾಂಕು ಸುಲಭದ ಒಂದಕ್ಕೆ ಉತ್ತರಿಸಿ ಕಡತ ಮುಚ್ಚಿಬಿಡುತ್ತದೆ.

ಹಣ ಎಲ್ಲಿ ನಿಂತಿದೆ?

ಯುಪಿಐ ಪಾವತಿಯಲ್ಲಿ ನಾಲ್ಕು ಮನೆಗಳಿವೆ: ನಿಮ್ಮ ಆ್ಯಪ್, ನಿಮ್ಮ ಬ್ಯಾಂಕು, ನಡುವೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಯ ಸ್ವಿಚ್ (ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಕೇಂದ್ರ), ಆಚೆ ಕಾಲೇಜಿನ ಬ್ಯಾಂಕು. ನೀವು ಪಿನ್ ಒತ್ತಿದ ಮೇಲೆ ಸ್ವಿಚ್ ಮೊದಲು ನಿಮ್ಮ ಬ್ಯಾಂಕಿಗೆ ‘ಕಡಿತ ಮಾಡು’ ಅನ್ನುತ್ತದೆ, ಆಮೇಲೆ ಕಾಲೇಜಿನ ಬ್ಯಾಂಕಿಗೆ ‘ಜಮೆ ಮಾಡು’ ಅನ್ನುತ್ತದೆ. ಕಡಿತವಾಗಿ, ಜಮೆಯ ಉತ್ತರ ಸಮಯಕ್ಕೆ ಬಾರದಿದ್ದರೆ ಆ ವಹಿವಾಟು ತೂಗುಯ್ಯಾಲೆಯಲ್ಲಿ ಉಳಿಯುತ್ತದೆ. ಆಗ ಎರಡು ಬ್ಯಾಂಕುಗಳು ಲೆಕ್ಕ ತಾಳೆ ಮಾಡಿ, ಒಂದೋ ಹಣವನ್ನು ಜಮೆ ಮಾಡಬೇಕು, ಇಲ್ಲವೋ ಹಿಂದಿರುಗಿಸಬೇಕು. ಶಾಖೆಯವರು ‘ತಾನಾಗಿಯೇ ಬರುತ್ತೆ’ ಎಂದದ್ದು ಈ ತಾಳೆಯ ಬಗ್ಗೆ. ಅದು ಸುಳ್ಳಲ್ಲ, ಬಹುಪಾಲು ಹಣ ಹಾಗೇ ಬರುತ್ತದೆ. ಆದರೆ ಅದಕ್ಕೆ ಗಡುವಿದೆ, ನಿಮ್ಮ ವಿಷಯದಲ್ಲಿ ಆ ಗಡುವು ದಾಟಿದೆ.

ಈಗ ಮಾಡಬೇಕಾದ ಮೊದಲ ಕೆಲಸ ಪಾಸ್‌ಬುಕ್ ಎಂಟ್ರಿ ಮಾಡಿಸುವುದು ಅಥವಾ 3ರಿಂದ ಇಂದಿನವರೆಗಿನ ಸ್ಟೇಟ್‌ಮೆಂಟ್ ತೆಗೆಯುವುದು. ಆ್ಯಪ್‌ನಲ್ಲಿ ಕಾಣುವ ‘ಪ್ರೊಸೆಸಿಂಗ್’ ಹಳೆಯ ಚಿತ್ರವಾಗಿರಬಹುದು. ಖಾತೆಯ ಸ್ಟೇಟ್‌ಮೆಂಟೇ ಕೊನೆಯ ಮಾತು. ವಾಪಸಾದ ಹಣ ಎಷ್ಟೋ ಸಲ ಎಸ್‌ಎಂಎಸ್ ಇಲ್ಲದೆ, ಕಾಲೇಜಿನ ಹೆಸರೂ ಇಲ್ಲದೆ, ಬರೀ ‘ರಿವರ್ಸಲ್’ ಎಂಬ ಗುರುತಿನಲ್ಲಿ ಜಮೆಯಾಗಿರುತ್ತದೆ. ಹೆಸರು ಹುಡುಕಬೇಡಿ, ₹18,400 ಎಂಬ ಮೊತ್ತವನ್ನು ಜಮೆಯ ಕಾಲಂನಲ್ಲಿ ಹುಡುಕಿ.

ಕಡಿತದ ಸಾಲಿನಲ್ಲಿ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಆ್ಯಪ್‌ನಲ್ಲಿ ಅದನ್ನು ಯುಪಿಐ ರೆಫರೆನ್ಸ್, ಯುಟಿಆರ್ ಅಥವಾ ಆರ್‌ಆರ್‌ಎನ್ ಅನ್ನುತ್ತಾರೆ. ಈ ಸಂಖ್ಯೆಯೇ ನಿಮ್ಮ ಹಣದ ವಿಳಾಸ. ಅದರ ಮೊದಲ ಅಂಕಿ ಹೆಚ್ಚಾಗಿ ವರ್ಷದ ಕೊನೆಯ ಅಂಕಿಯಾಗಿರುತ್ತದೆ, ನಂತರದ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದನ್ನು ಹೇಳುತ್ತವೆ. 2025ರ ಮಾರ್ಚ್ 26 ಆ ವರ್ಷದ 85ನೇ ದಿನ. ಹಾಗಾಗಿ ಅಂದಿನ ವಹಿವಾಟಿನ ಸಂಖ್ಯೆ 5085 ಎಂದು ಶುರುವಾಗುತ್ತದೆ. ದೂರಿನಲ್ಲಿ ಸಂಖ್ಯೆ ಬರೆಯುವಾಗ ಹೀಗೆ ಒಮ್ಮೆ ತಾಳೆ ನೋಡಿ. ಆ್ಯಪ್‌ನ ಒಳಗಿನ ಉದ್ದದ ಟ್ರಾನ್ಸಾಕ್ಷನ್ ಐಡಿಯನ್ನು ಬ್ಯಾಂಕಿಗೆ ಕೊಟ್ಟು, ‘ಈ ಸಂಖ್ಯೆ ನಮ್ಮಲ್ಲಿಲ್ಲ’ ಎಂದು ದೂರು ತಿರಸ್ಕಾರವಾಗುವುದು ತುಂಬ ಸಾಮಾನ್ಯ. ಐಡಿಯ ಜೊತೆಗೆ 12 ಅಂಕಿಯ ಸಂಖ್ಯೆಯೂ ಇರಲೇಬೇಕು.

ಅದೇ ಸಂಖ್ಯೆ ಹಿಡಿದು ಕಾಲೇಜಿನ ಲೆಕ್ಕಪತ್ರ ವಿಭಾಗಕ್ಕೆ ಹೋಗಿ. ‘ಮಗಳ ಹೆಸರಿನಲ್ಲಿ ಹಣ ಬಂದಿದೆಯೇ?’ ಎಂದು ಕೇಳಬೇಡಿ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್‌ಗೆ ಬರುವ ಹಣದಲ್ಲಿ ವಿದ್ಯಾರ್ಥಿಯ ಹೆಸರು ಇರುವುದಿಲ್ಲ, ಖಾತೆದಾರರ ಹೆಸರು ಇರುತ್ತದೆ, ಒಂದೇ ಮೊತ್ತ ಒಂದೇ ದಿನ ನೂರಾರು ಜನರಿಂದ ಬಂದಿರುತ್ತದೆ. ‘ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಈ ಸಂಖ್ಯೆ ಹುಡುಕಿ’ ಎಂದು ಕೇಳಿ. ಹಣ ಅವರ ಖಾತೆಗೆ ಬಂದೂ ಅವರು ಹೊಂದಿಸಿಕೊಂಡಿಲ್ಲ ಎಂದಾದರೆ ಅದು ಬ್ಯಾಂಕಿನ ತಪ್ಪಲ್ಲ. ರಸೀದಿ ಕೊಡಬೇಕಾದವರು ಕಾಲೇಜಿನವರು. ಬಂದಿಲ್ಲ ಎಂದಾದರೆ ಹಾಗೆಂದು ಎರಡು ಸಾಲು ಬರೆಸಿ, ಸೀಲು ಹಾಕಿಸಿಕೊಳ್ಳಿ. ಬ್ಯಾಂಕಿನ ದೂರಿಗೆ ಇದಕ್ಕಿಂತ ಗಟ್ಟಿ ಪುರಾವೆ ಇಲ್ಲ. ಶುಲ್ಕದ ಕೊನೆಯ ದಿನ ಹತ್ತಿರವಿದ್ದರೆ ಗಡುವು ವಿಸ್ತರಣೆಯನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ. ಇನ್ನೊಮ್ಮೆ ಕಟ್ಟಲೇಬೇಕಾದರೆ ಚೆಕ್ಕಿನಲ್ಲೋ ಡಿಡಿಯಲ್ಲೋ ಕಟ್ಟಿ, ‘ಮೊದಲ ಪಾವತಿ ನಂತರ ಜಮೆಯಾದರೆ ಹಿಂದಿರುಗಿಸಬೇಕು’ ಎಂದು ಬರೆದು ಸ್ವೀಕೃತಿ ಪಡೆಯಿರಿ.

ಗಡುವು ಮತ್ತು ದಿನಕ್ಕೆ ₹100

ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ವಿಫಲ ವಹಿವಾಟುಗಳ ಬಗ್ಗೆ ಒಂದು ಸುತ್ತೋಲೆ ಹೊರಡಿಸಿತು. ಅದು ಅದೇ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ವಿಫಲ ವಹಿವಾಟು ಎಂದರೇನು ಎಂಬುದನ್ನೂ ಅದೇ ಹೇಳುತ್ತದೆ: ಗ್ರಾಹಕನ ತಪ್ಪಿಲ್ಲದ ಯಾವುದೇ ಕಾರಣದಿಂದ ಪೂರ್ತಿಯಾಗದೆ ಉಳಿದದ್ದು. ಸಂಪರ್ಕ ಕಡಿದುಹೋದದ್ದು, ಎಟಿಎಂನಲ್ಲಿ ನೋಟು ಇಲ್ಲದ್ದು, ಸೆಷನ್ ಟೈಮ್‌ಔಟ್ ಆದದ್ದು ಎಲ್ಲವೂ ಇದರೊಳಗೆ ಬರುತ್ತವೆ. ‘ಸರ್ವರ್ ಪ್ರಾಬ್ಲಂ, ನಾವೇನು ಮಾಡೋಕಾಗುತ್ತೆ?’ ಎಂಬ ಮಾತಿಗೆ ಇದೇ ಉತ್ತರ. ಸರ್ವರ್ ಸಮಸ್ಯೆ ಎಂಬುದು ಬ್ಯಾಂಕಿಗೆ ವಿನಾಯಿತಿ ಕೊಡುವ ಕಾರಣವೇ ಅಲ್ಲ. ಆ ನಿಯಮ ಹುಟ್ಟಿದ್ದೇ ಅಂಥ ಸಮಸ್ಯೆಗಳಿಗಾಗಿ.

ವಹಿವಾಟು ನಡೆದ ದಿನವನ್ನು ‘ಟಿ’ ಎಂದು ಹಿಡಿಯಿರಿ. ಲೆಕ್ಕ ಕ್ಯಾಲೆಂಡರ್ ದಿನಗಳದ್ದು, ಭಾನುವಾರವೂ ಸೇರುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ಯುಪಿಐ ಅಥವಾ ಐಎಂಪಿಎಸ್ ಮೂಲಕ ಕಳುಹಿಸಿ ಅತ್ತ ಜಮೆಯಾಗದಿದ್ದರೆ ಹಣ ಟಿ ಕಳೆದು 1 ದಿನದೊಳಗೆ ವಾಪಸಾಗಬೇಕು. ಅಂಗಡಿ, ಸಂಸ್ಥೆಯಂಥ ಮರ್ಚೆಂಟ್‌ಗೆ ಯುಪಿಐ ಪಾವತಿ ಮಾಡಿ ಅವರಿಗೆ ಖಾತ್ರಿ ತಲುಪದಿದ್ದರೆ 5 ದಿನ. ಎಟಿಎಂನಲ್ಲಿ ಕಡಿತವಾಗಿ ನೋಟು ಬಾರದಿದ್ದರೆ, ಸ್ವೈಪ್ ಯಂತ್ರದಲ್ಲಿ ಅಥವಾ ಆನ್‌ಲೈನ್ ಖರೀದಿಯಲ್ಲಿ ಕಾರ್ಡ್ ಪಾವತಿ ಸಿಕ್ಕಿಕೊಂಡರೆ, ಅದಕ್ಕೂ 5 ದಿನ. ಈ ಗಡುವು ದಾಟಿದ ಪ್ರತಿ ದಿನಕ್ಕೆ ₹100 ಪರಿಹಾರ.

ನಿಮ್ಮ ಲೆಕ್ಕ ಹೀಗೆ. ಕಾಲೇಜಿನ ಕ್ಯೂಆರ್ ಮರ್ಚೆಂಟ್ ಖಾತೆಯದ್ದಾಗಿದ್ದರೆ 3ಕ್ಕೆ 5 ಸೇರಿಸಿ, ಗಡುವು 8. ಹಣ ಇವತ್ತು 14ರಂದು ಬಂದರೆ ತಡವಾದದ್ದು 6 ದಿನ, ಪರಿಹಾರ ₹600. ಕೆಲವು ಕಚೇರಿಗಳಲ್ಲಿ ಗುಮಾಸ್ತರ ಅಥವಾ ಪ್ರಾಂಶುಪಾಲರ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿರುತ್ತಾರೆ. ಅದಾದರೆ ಅದು ವ್ಯಕ್ತಿಯಿಂದ ವ್ಯಕ್ತಿಗೆ ಹೋದ ಹಣ, ಗಡುವು 4ನೇ ತಾರೀಖು. 14ಕ್ಕೆ 10 ದಿನ, ₹1,000. ಪಾವತಿಯ ವಿವರದಲ್ಲಿ ಸಂಸ್ಥೆಯ ಹೆಸರಿದೆಯೋ ವ್ಯಕ್ತಿಯ ಹೆಸರಿದೆಯೋ ನೋಡಿದರೆ ಇದು ಬಹುಮಟ್ಟಿಗೆ ತಿಳಿಯುತ್ತದೆ.

ಗ್ರಾಹಕ ದೂರು ಕೊಡುವವರೆಗೆ ಕಾಯದೆ ಬ್ಯಾಂಕು ತಾನಾಗಿಯೇ ಈ ಪರಿಹಾರ ಜಮೆ ಮಾಡಬೇಕೆಂದು ಸುತ್ತೋಲೆ ಹೇಳುತ್ತದೆ. ಹಣ ವಾಪಸಾದ ದಿನ ಸ್ಟೇಟ್‌ಮೆಂಟ್‌ನಲ್ಲಿ ಅಸಲಿನ ಪಕ್ಕದಲ್ಲಿ ಪರಿಹಾರದ ಬೇರೆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಪಡೆಯಿರಿ. ₹600 ದೊಡ್ಡ ಮೊತ್ತವಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾದಷ್ಟೂ ಲೆಕ್ಕ ತಾಳೆ ಮಾಡುವ ವಿಭಾಗಕ್ಕೆ ಅವಸರ ಇರುವುದಿಲ್ಲ. ಆ ದಂಡವಿರುವುದೇ ಬ್ಯಾಂಕಿಗೆ ತಡದ ಬೆಲೆ ಗೊತ್ತಾಗಲಿ ಎಂದು.

ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಇನ್ನೊಂದು ವ್ಯವಸ್ಥೆಯಾದ ನೆಫ್ಟ್‌ಗೆ ಈ ₹100ರ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಅರ್ಧ ಗಂಟೆಗೊಂದು ಬ್ಯಾಚ್ ಹೊರಡುತ್ತದೆ. ಬ್ಯಾಚ್ ಇತ್ಯರ್ಥವಾದ 2 ಗಂಟೆಯೊಳಗೆ ಜಮೆಯೋ ವಾಪಸೋ ಆಗಬೇಕು. ತಡವಾದರೆ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಶೇ 2 ಸೇರಿಸಿದ ಬಡ್ಡಿ. ರೆಪೊ ಶೇ 5.5 ಎಂದುಕೊಂಡರೆ ₹1 ಲಕ್ಷಕ್ಕೆ ದಿನಕ್ಕೆ ಸುಮಾರು ₹20 ಬರುತ್ತದೆ, ಅಷ್ಟೆ.

ನಿಂತುಹೋದದ್ದು ಯಾವುದು?

ಸೇವೆ ಸ್ಥಗಿತವಾದಾಗ ಎಲ್ಲವನ್ನೂ ‘ಸರ್ವರ್ ಡೌನ್’ ಅಂದುಬಿಡುತ್ತಾರೆ. ದೂರಿನ ದೃಷ್ಟಿಯಿಂದ ಯಾವ ಪದರ ನಿಂತಿತ್ತು ಎಂಬುದು ಮುಖ್ಯ, ಅದನ್ನು ಹೊರಗಿನಿಂದಲೇ ಊಹಿಸಬಹುದು. ಆ್ಯಪ್ ತೆರೆಯುತ್ತಿಲ್ಲ, ಆದರೆ ಅದೇ ಖಾತೆಯ ಕಾರ್ಡ್ ಎಟಿಎಂನಲ್ಲಿ ನಡೆಯುತ್ತಿದೆ ಎಂದರೆ ತೊಂದರೆ ಆ್ಯಪ್ ಮತ್ತು ನೆಟ್ ಬ್ಯಾಂಕಿಂಗ್ ಪದರದ್ದು. ಎಟಿಎಂ ಕೂಡ ಇಲ್ಲ, ಶಾಖೆಯಲ್ಲಿ ಪಾಸ್‌ಬುಕ್ ಎಂಟ್ರಿಯೂ ಆಗುತ್ತಿಲ್ಲ ಎಂದರೆ ಖಾತೆಗಳ ಮೂಲ ಲೆಕ್ಕ ಇರುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯೇ ನಿಂತಿದೆ. ನಿಮ್ಮ ಬ್ಯಾಂಕಿನದು ಮಾತ್ರವಲ್ಲ, ಪಕ್ಕದ ಅಂಗಡಿಯವರ, ನೆರೆಯವರ ಯುಪಿಐ ಕೂಡ ಬೇರೆ ಬೇರೆ ಬ್ಯಾಂಕುಗಳಲ್ಲಿ ನಡೆಯುತ್ತಿಲ್ಲ ಎಂದರೆ ಎನ್‌ಪಿಸಿಐ ಮಟ್ಟದ ತೊಂದರೆ.

ಮೂರಕ್ಕೂ ನಿಜವಾದ ಉದಾಹರಣೆಗಳಿವೆ. 2020ರ ನವೆಂಬರ್ 21ರಂದು ಎಚ್‌ಡಿಎಫ್‌ಸಿ ಬ್ಯಾಂಕಿನ ಮುಖ್ಯ ಡೇಟಾ ಸೆಂಟರಿನಲ್ಲಿ ವಿದ್ಯುತ್ ಕೈಕೊಟ್ಟು ಇಂಟರ್ನೆಟ್ ಬ್ಯಾಂಕಿಂಗ್ ಮತ್ತು ಪಾವತಿ ಸೇವೆ ನಿಂತವು. ಡಿಸೆಂಬರ್ 2ರಂದು ರಿಸರ್ವ್ ಬ್ಯಾಂಕು, ಎರಡು ವರ್ಷಗಳಿಂದ ಪದೇ ಪದೇ ಆಗುತ್ತಿದ್ದ ಸ್ಥಗಿತಗಳನ್ನು ಉಲ್ಲೇಖಿಸಿ, ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸಿಕೊಳ್ಳುವುದಕ್ಕೆ, ಹೊಸ ಡಿಜಿಟಲ್ ಯೋಜನೆಗಳಿಗೆ ತಡೆ ಹಾಕಿತು. ಪೂರ್ತಿ ತೆರವಾದದ್ದು 2022ರ ಮಾರ್ಚ್‌ನಲ್ಲಿ. 2024ರ ಏಪ್ರಿಲ್ 24ರಂದು ಕೋಟಕ್ ಮಹೀಂದ್ರ ಬ್ಯಾಂಕಿಗೂ ಅಂಥದ್ದೇ ತಡೆ ಬಂತು, 2025ರ ಫೆಬ್ರುವರಿಯಲ್ಲಿ ತೆರವಾಯಿತು. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಜ್ಞಾನ ಸಂಸ್ಥೆಗೆ ರ‍್ಯಾನ್‌ಸಮ್‌ವೇರ್ ದಾಳಿಯಾದಾಗ (ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಸೈಬರ್ ದಾಳಿ) ಎನ್‌ಪಿಸಿಐ ಅದರ ಸಂಪರ್ಕ ಕಡಿಯಿತು, ಅದನ್ನು ನೆಚ್ಚಿಕೊಂಡಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕಿನಲ್ಲಿ ಖಾತೆ ಇರುವವರು ಇದನ್ನು ನೆನಪಿಡಬೇಕು: ನಿಮ್ಮ ಬ್ಯಾಂಕಿನ ಕಂಪ್ಯೂಟರ್ ಎಷ್ಟೋ ಸಲ ಇರುವುದು ಅವರ ಕಟ್ಟಡದಲ್ಲಲ್ಲ, ಹೊರಗಿನ ಸೇವಾ ಸಂಸ್ಥೆಯಲ್ಲಿ. ಆದರೂ ನಿಮ್ಮ ಒಪ್ಪಂದ ಇರುವುದು ಬ್ಯಾಂಕಿನ ಜೊತೆ, ಉತ್ತರ ಹೇಳಬೇಕಾದದ್ದೂ ಬ್ಯಾಂಕೇ.

2025ರ ಮಾರ್ಚ್ 26 ಮತ್ತು ಏಪ್ರಿಲ್ 12ರ ಸ್ಥಗಿತಗಳು ಯುಪಿಐ ವ್ಯವಸ್ಥೆಯದ್ದೇ. ಏಪ್ರಿಲ್ 12ರದ್ದರಲ್ಲಿ ಕಲಿಯಬೇಕಾದ ಪಾಠವಿದೆ. ಸಿಕ್ಕಿಕೊಂಡ ವಹಿವಾಟುಗಳ ‘ಸ್ಥಿತಿ ಏನು?’ ಎಂದು ಕೆಲವು ಬ್ಯಾಂಕುಗಳ ವ್ಯವಸ್ಥೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳ ಪ್ರವಾಹವೇ ಸ್ವಿಚ್ಚನ್ನು ಮುಳುಗಿಸಿತು. ಅದಕ್ಕಾಗಿ 2025ರ ಆಗಸ್ಟ್ 1ರಿಂದ ಮಿತಿ ಬಂದಿದೆ: ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು, ಸಿಕ್ಕಿಕೊಂಡ ಪಾವತಿಯ ಸ್ಥಿತಿಯನ್ನು ಕನಿಷ್ಠ 90 ಸೆಕೆಂಡು ಬಿಟ್ಟು, 3 ಸಲ ಮಾತ್ರ ಕೇಳಬಹುದು. ಪಾವತಿ ನಿಂತಾಗ ರಿಫ್ರೆಶ್ ಒತ್ತುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ತಕ್ಷಣ ಇನ್ನೊಮ್ಮೆ ಕಳುಹಿಸುವುದಂತೂ ಬೇಡ, ಎರಡೂ ಜಮೆಯಾಗಿಬಿಡುವ ಸಂಭವ ಇದೆ.

ಇನ್ನೊಂದು ಭೇದ. ವಿಫಲತೆಯನ್ನು ಬ್ಯಾಂಕುಗಳು ಟೆಕ್ನಿಕಲ್ ಡಿಕ್ಲೈನ್, ಬಿಸಿನೆಸ್ ಡಿಕ್ಲೈನ್ ಎಂದು ಎರಡು ಬಗೆಯಾಗಿ ಎಣಿಸುತ್ತವೆ. ತಪ್ಪು ಪಿನ್, ದಿನದ ಮಿತಿ ಮೀರಿದ್ದು, ಖಾತೆಯಲ್ಲಿ ಹಣ ಸಾಲದ್ದು ಎರಡನೆಯ ಬಗೆ, ಅದಕ್ಕೆ ಬ್ಯಾಂಕು ಹೊಣೆಯಲ್ಲ. ಆದ್ದರಿಂದ ಪರದೆಯ ಮೇಲೆ ಬಂದ ಸಂದೇಶವನ್ನು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡುವುದು ಬಹಳ ಮುಖ್ಯ. 4 ಮತ್ತು 5ರ ಸ್ಕ್ರೀನ್‌ಶಾಟ್ ನಿಮ್ಮ ಫೋನಿನಲ್ಲಿದ್ದರೆ ಅಳಿಸಬೇಡಿ. ಇಲ್ಲದಿದ್ದರೆ ಬ್ಯಾಂಕು ತನ್ನ ಅಧಿಕೃತ ಸಾಮಾಜಿಕ ಜಾಲತಾಣದಲ್ಲಿ ‘ತಾಂತ್ರಿಕ ತೊಂದರೆ’ ಎಂದು ಒಪ್ಪಿಕೊಂಡ ಪ್ರಕಟಣೆ, ಅಂದಿನ ಪತ್ರಿಕಾ ವರದಿ ಹುಡುಕಿ ಇಟ್ಟುಕೊಳ್ಳಿ.

ದೂರು ಬರೆಯುವ ಬಗೆ

ಮೊದಲು ಪಾವತಿ ಮಾಡಿದ ಆ್ಯಪ್‌ನಲ್ಲೇ ಹಿಸ್ಟರಿ ತೆರೆದು, ಆ ವಹಿವಾಟಿನ ಮೇಲೆ ಒತ್ತಿ, ದೂರು ದಾಖಲಿಸುವ ಆಯ್ಕೆ ಬಳಸಿ. ಕಾರಣದ ಪಟ್ಟಿಯಲ್ಲಿ ‘ಹಣ ಕಡಿತವಾಗಿದೆ, ಸ್ವೀಕರಿಸುವವರಿಗೆ ತಲುಪಿಲ್ಲ’ ಎಂಬರ್ಥದ್ದನ್ನೇ ಆರಿಸಿ. ‘ತಪ್ಪು ಖಾತೆಗೆ ಹೋಗಿದೆ’ ಎಂಬುದನ್ನು ಆರಿಸಿದರೆ ದೂರು ಬೇರೆಯೇ ದಾರಿ ಹಿಡಿಯುತ್ತದೆ. ಯುಪಿಐ ಸಹಾಯವಾಣಿ 1800-120-1740ಕ್ಕೂ ಕರೆ ಮಾಡಬಹುದು. ಬಂದ ದೂರು ಸಂಖ್ಯೆ ಬರೆದಿಡಿ.

ನಂತರ ಬ್ಯಾಂಕಿಗೆ ಪತ್ರ. ಕನ್ನಡದಲ್ಲೇ ಬರೆಯಬಹುದು. ಉದ್ದ ಬೇಡ, ಕೋಪವೂ ಬೇಡ. ಸಂಖ್ಯೆಗಳು ಇರಲಿ. ಹೀಗೆ:

“ದಿನಾಂಕ 3ರಂದು ಬೆಳಿಗ್ಗೆ/ಮಧ್ಯಾಹ್ನ ಇಷ್ಟು ಗಂಟೆಗೆ ನನ್ನ ಉಳಿತಾಯ ಖಾತೆಯಿಂದ (ಕೊನೆಯ ನಾಲ್ಕು ಅಂಕಿ ಇಂತಿಷ್ಟು) ಯುಪಿಐ ಮೂಲಕ ₹18,400 ಕಡಿತವಾಗಿದೆ. ರೆಫರೆನ್ಸ್ ಸಂಖ್ಯೆ ಇಂತಿಷ್ಟು. ಸ್ವೀಕರಿಸಬೇಕಾದ ಕಾಲೇಜಿಗೆ ಹಣ ತಲುಪಿಲ್ಲ. ಅವರ ಪತ್ರ ಲಗತ್ತಿಸಿದೆ. ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆಯ ಪ್ರಕಾರ 8ನೇ ತಾರೀಖಿನೊಳಗೆ ಹಣ ಹಿಂದಿರುಗಬೇಕಿತ್ತು. ಅಸಲು ₹18,400 ಮತ್ತು 9ನೇ ತಾರೀಖಿನಿಂದ ಹಣ ಜಮೆಯಾಗುವ ದಿನದವರೆಗೆ ದಿನಕ್ಕೆ ₹100ರಂತೆ ಪರಿಹಾರವನ್ನು ನನ್ನ ಖಾತೆಗೆ ಜಮೆ ಮಾಡಬೇಕು. ಕೋರಿಕೆಯನ್ನು ಪೂರ್ತಿಯಾಗಿ ಅಥವಾ ಭಾಗಶಃ ತಿರಸ್ಕರಿಸುವುದಾದರೆ ನಿಮ್ಮ ಆಂತರಿಕ ಒಂಬುಡ್ಸ್‌ಮನ್ ಪರಿಶೀಲನೆಯ ನಂತರ ಕಾರಣಸಹಿತ ಲಿಖಿತ ಉತ್ತರ ಕೊಡಬೇಕು.”

ಕೊನೆಯ ವಾಕ್ಯವನ್ನು ಬಿಡಬೇಡಿ. ಆಂತರಿಕ ಒಂಬುಡ್ಸ್‌ಮನ್ (ದೂರುಗಳನ್ನು ಮರುಪರಿಶೀಲಿಸಲು ಬ್ಯಾಂಕಿನೊಳಗೇ ಇರುವ ಅಧಿಕಾರಿ) ಇರುವ ಬ್ಯಾಂಕುಗಳು ದೂರನ್ನು ತಿರಸ್ಕರಿಸುವ ಮೊದಲು ಅವರ ಮುಂದೆ ಇಡಬೇಕು ಎಂಬ ನಿಯಮವಿದೆ. ಅದು ಗೊತ್ತಿರುವ ಗ್ರಾಹಕರ ಪತ್ರವನ್ನು ಶಾಖೆಯ ಮಟ್ಟದಲ್ಲೇ ‘ಪರಿಹರಿಸಲಾಗಿದೆ’ ಎಂದು ಮುಚ್ಚುವುದು ಕಷ್ಟ.

ಪತ್ರ ಎರಡು ಪ್ರತಿ ಮಾಡಿ. ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಜಗಳ ಬೇಡ, ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ಅಥವಾ ಬ್ಯಾಂಕಿನ ಜಾಲತಾಣದ ದೂರು ವಿಭಾಗದಲ್ಲಿ ಸಲ್ಲಿಸಿ. ದೂರುಗಳ ಹೊಣೆ ಹೊತ್ತ ಪ್ರಧಾನ ನೋಡಲ್ ಅಧಿಕಾರಿಯ ಇಮೇಲ್ ವಿಳಾಸ ಅದೇ ಜಾಲತಾಣದಲ್ಲಿರುತ್ತದೆ, ಅವರಿಗೂ ಪ್ರತಿ ಹೋಗಲಿ. ಇಎಂಐ ವಿಷಯದ ದೂರನ್ನು ಬೇರೆ ಪತ್ರದಲ್ಲಿ ಬರೆಯಿರಿ, ಅದಕ್ಕೆ ಬೇರೆ ಸಂಖ್ಯೆ ಪಡೆಯಿರಿ.

ಬ್ಯಾಂಕಿನ ಸಂಪರ್ಕ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಸೇವೆ ನಿಂತ ದಿನಗಳೇ ವಂಚಕರ ಸುಗ್ಗಿ. ಹೆಸರು, ಮೊಬೈಲ್ ಸಂಖ್ಯೆ ಹಾಕಿ ಸಾಮಾಜಿಕ ಜಾಲತಾಣದಲ್ಲಿ ಬ್ಯಾಂಕನ್ನು ಬೈದು ಬರೆದರೆ ಕೆಲವೇ ನಿಮಿಷದಲ್ಲಿ ‘ಕಸ್ಟಮರ್ ಕೇರ್’ ಎಂದು ಕರೆ ಬರುತ್ತದೆ. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ, ಪರದೆ ಹಂಚಿಕೊಳ್ಳುವ ಯಾವ ಆ್ಯಪ್ ಕೂಡ ಬೇಡ. ಡೆಬಿಟ್ ಕಾರ್ಡಿನ ಹಿಂಬದಿಯ ಸಂಖ್ಯೆ, ಪಾಸ್‌ಬುಕ್ಕಿನ ಸಂಖ್ಯೆ ಮಾತ್ರ ನಂಬಿ. ಬ್ಯಾಂಕುಗಳ ಜಾಲತಾಣ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿದೆ, ಅದನ್ನು ನೋಡಿಕೊಳ್ಳಿ. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

30 ದಿನ ಕಳೆದ ಮೇಲೆ

ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಉತ್ತರ ಬರುವ ಮುಂಚೆ, 30 ದಿನಕ್ಕೆ ಮೊದಲೇ ಹೋದರೆ ದೂರು ವಿಚಾರಣೆಗೇ ಬರದೆ ಮುಚ್ಚಿಹೋಗುತ್ತದೆ. ಅವಸರದಿಂದ ಹೀಗೆ ಅವಕಾಶ ಕಳೆದುಕೊಳ್ಳುವವರು ಬಹಳ. ವಕೀಲರ ಮೂಲಕವೂ ಕಳುಹಿಸಬೇಡಿ, ಒಂಬುಡ್ಸ್‌ಮನ್ ಯೋಜನೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಶುಲ್ಕ ಇಲ್ಲ. ಆನ್‌ಲೈನ್‌ನಲ್ಲಿ ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಮೊಬೈಲ್ ಒಟಿಪಿ ಹಾಕಿ ದೂರು ದಾಖಲಿಸಬಹುದು. ಆನ್‌ಲೈನ್ ಆಗದವರು ಚಂಡೀಗಡದ ಸೆಕ್ಟರ್ 17ರಲ್ಲಿರುವ (ಪಿನ್ 160017) ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಮತ್ತು ಸಂಸ್ಕರಣಾ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸಬಹುದು; ಅಲ್ಲಿ ಯಾವ ಭಾಷೆಯ ದೂರನ್ನೂ ಸ್ವೀಕರಿಸುತ್ತಾರೆ, ಕನ್ನಡದ್ದನ್ನೂ. ಸಹಾಯವಾಣಿ 14448ರಲ್ಲೂ ಕನ್ನಡದಲ್ಲಿ ಮಾತನಾಡಬಹುದು.

ಪೋರ್ಟಲ್‌ನಲ್ಲಿ ಬ್ಯಾಂಕಿಗೆ ಮೊದಲ ದೂರು ಕೊಟ್ಟ ದಿನಾಂಕ ಮತ್ತು ಅದರ ಪ್ರತಿ ಕೇಳುತ್ತದೆ. ಸೀಲು ಹಾಕಿಸಿದ ಪತ್ರದ ಫೋಟೊ, ಸ್ಟೇಟ್‌ಮೆಂಟಿನ ಆ ಪುಟ, ಕಾಲೇಜಿನ ಪತ್ರ ಇಷ್ಟು ಸಾಕು. 2021ರ ಒಂಬುಡ್ಸ್‌ಮನ್ ಯೋಜನೆಯ ಪ್ರಕಾರ, ದೂರಿನ ಪ್ರತಿ ತಲುಪಿದ 15 ದಿನದೊಳಗೆ ಬ್ಯಾಂಕು ಲಿಖಿತ ಉತ್ತರ ಕೊಡಬೇಕು. ನಷ್ಟಕ್ಕೆ ₹20 ಲಕ್ಷದವರೆಗೆ, ಅದಲ್ಲದೆ ಕಳೆದ ಸಮಯ, ಓಡಾಟದ ಖರ್ಚು, ಮಾನಸಿಕ ಹಿಂಸೆಗಾಗಿ ₹1 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವನ್ನು ಆ ಯೋಜನೆ ಒಂಬುಡ್ಸ್‌ಮನ್‌ಗೆ ಕೊಟ್ಟಿದೆ. ಇದು ಮೇಲ್ಮಿತಿ ಮಾತ್ರ, ಕೇಳಿದಷ್ಟು ಸಿಗುತ್ತದೆ ಎಂದಲ್ಲ. ಅಲ್ಲೂ ತೃಪ್ತಿಯಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಆದರೆ ಆಯೋಗದ ಮುಂದಿರುವ ವಿಷಯವನ್ನು ಒಂಬುಡ್ಸ್‌ಮನ್ ಮುಟ್ಟುವುದಿಲ್ಲವಾದ್ದರಿಂದ ಮೊದಲು ಒಂಬುಡ್ಸ್‌ಮನ್, ನಂತರ ಆಯೋಗ ಎಂಬ ಕ್ರಮವೇ ಸರಿ.

ನಮ್ಮ ರಾಜ್ಯದವರಿಗೆ ಇಲ್ಲೊಂದು ಎಚ್ಚರಿಕೆ. ಸೌಹಾರ್ದ ಪತ್ತಿನ ಸಹಕಾರಿಗಳು ಮತ್ತು ಪತ್ತಿನ ಸಹಕಾರ ಸಂಘಗಳು ಆ್ಯಪ್, ಕ್ಯೂಆರ್ ಕೊಟ್ಟರೂ ಅವು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳಲ್ಲ. ಅವುಗಳ ಮೇಲಿನ ದೂರು ಒಂಬುಡ್ಸ್‌ಮನ್‌ಗೆ ಹೋಗುವುದಿಲ್ಲ, ಸಹಕಾರ ಇಲಾಖೆಗೆ ಹೋಗಬೇಕು.

ಇಎಂಐ ಮತ್ತು ₹590

ಈ ಭಾಗದಲ್ಲಿ ಸುಳ್ಳು ಭರವಸೆ ಕೊಡುವುದು ನ್ಯಾಯವಲ್ಲ. ಆ್ಯಪ್ ಇಂತಿಷ್ಟು ಗಂಟೆ ನಿಂತರೆ ಇಂತಿಷ್ಟು ಪರಿಹಾರ ಎಂಬ ನಿಯಮ ಇಲ್ಲ. ದಿನಕ್ಕೆ ₹100 ಎಂಬುದು ಸಿಕ್ಕಿಕೊಂಡ ವಹಿವಾಟಿಗೆ ಮಾತ್ರ. ನೀವು ಕಳುಹಿಸಲಾಗದೇ ಹೋದ ಹಣಕ್ಕೆ ಅನ್ವಯಿಸುವುದಿಲ್ಲ. ಸೇವಾ ನ್ಯೂನತೆಯಿಂದ ಆದ ನಷ್ಟ ಎಂದು ಕೇಳಬೇಕು. ಆಗ ಬ್ಯಾಂಕು ಎರಡು ಪ್ರಶ್ನೆ ಎತ್ತುತ್ತದೆ: 4ರ ಸಂಜೆ ಖಾತೆಯಲ್ಲಿ ಇಎಂಐಗೆ ಸಾಕಾಗುವಷ್ಟು ಹಣ ಇತ್ತೇ? ಬೇರೆ ದಾರಿ ಪ್ರಯತ್ನಿಸಿದಿರಾ? ಮೊದಲನೆಯದಕ್ಕೆ ಸ್ಟೇಟ್‌ಮೆಂಟ್ ಉತ್ತರ. ಎರಡನೆಯದಕ್ಕೆ, 5ರಂದು ಶಾಖೆಗೆ ಹೋಗಿದ್ದರೆ, ಸಹಾಯವಾಣಿಗೆ ಕರೆ ಮಾಡಿದ್ದರೆ, ಎಟಿಎಂಗೆ ಹೋಗಿದ್ದರೆ ಅದನ್ನೆಲ್ಲ ಸಮಯಸಹಿತ ಬರೆಯಿರಿ; ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ಕೂಡ ಪುರಾವೆಯೇ. ಕೇಳುವ ಮೊತ್ತ ₹590 ಮತ್ತು ಅದಕ್ಕೆ ಸಂಬಂಧಿಸಿದ ನಿಜವಾದ ಖರ್ಚು ಮಾತ್ರವಿರಲಿ. ₹590ಕ್ಕೆ ₹50,000 ಕೇಳಿದರೆ ದೂರಿನ ತೂಕವೇ ಇಳಿದುಹೋಗುತ್ತದೆ.

ಅದರ ಜೊತೆಗೆ ಸಾಲ ಕೊಟ್ಟ ಬ್ಯಾಂಕಿಗೂ ಒಂದು ಪತ್ರ ಬರೆಯಿರಿ. ಮರುದಿನವೇ ಕಂತು ಕಟ್ಟಿದ್ದೀರಿ, ತಪ್ಪಿದ್ದು ಬೇರೆ ಬ್ಯಾಂಕಿನ ಸ್ಥಗಿತದಿಂದ ಎಂಬುದಕ್ಕೆ ಪುರಾವೆಯಿದೆ. ಬೌನ್ಸ್ ಶುಲ್ಕ ಮನ್ನಾ ಮಾಡಿ ಎಂದು ಕೇಳಿ. ಹಿಂದೆ ಬೌನ್ಸ್ ಆಗದ ಗ್ರಾಹಕರಿಗೆ ಒಂದು ಸಲ ಬಿಡುವ ಅಧಿಕಾರ ಅವರಲ್ಲಿರುತ್ತದೆ. ಹಣ ಹೊರಡದಂತೆ ಮಾಡಿದ ಬ್ಯಾಂಕಿನ ಜೊತೆ ತಿಂಗಳುಗಟ್ಟಲೆ ಗುದ್ದಾಡುವುದಕ್ಕಿಂತ ₹590 ಇಲ್ಲಿಂದಲೇ ಬೇಗ ವಾಪಸ್ ಸಿಗಬಹುದು. ಕ್ರೆಡಿಟ್ ಕಾರ್ಡ್ ಬಿಲ್ ಆಗಿದ್ದರೆ ಈ ಕಷ್ಟವೇ ಇರಲಿಲ್ಲ: ಕೊನೆಯ ದಿನ ಕಳೆದು 3 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ತಡಪಾವತಿ ದಂಡ ಹಾಕಬಹುದು ಎಂಬ ನಿಯಮ ಅಲ್ಲಿದೆ.

ಮುಂದಿನ ತಿಂಗಳಿಂದ ಸಾಲದ ಕಂತಿನ ಹಣ 2 ದಿನ ಮೊದಲೇ ಕಂತು ಕಡಿತವಾಗುವ ಖಾತೆಯಲ್ಲಿರಲಿ. ತಿಂಗಳ ಮೊದಲ ವಾರ, ಸಂಬಳ, ಕಂತು, ಬಾಡಿಗೆ ಎಲ್ಲ ಒಟ್ಟಿಗೆ ಹರಿಯುವ ಸಮಯ. ವ್ಯವಸ್ಥೆ ತಡವರಿಸುವುದೂ ಆಗಲೇ ಹೆಚ್ಚು. ಎರಡನೇ ಬ್ಯಾಂಕಿನಲ್ಲಿ ಒಂದು ಖಾತೆ, ಅದಕ್ಕೆ ಬೇರೆ ಡೆಬಿಟ್ ಕಾರ್ಡ್ ಇದ್ದರೆ ಕೈ ಕಟ್ಟಿಹೋಗುವುದಿಲ್ಲ. ದಿನಸಿ, ಬಸ್ಸು, ಔಷಧಿಯಂಥ ಸಣ್ಣ ಖರ್ಚಿಗೆ ಯುಪಿಐ ಲೈಟ್ ಚಾಲೂ ಮಾಡಿಟ್ಟುಕೊಳ್ಳಿ: ₹5,000ವರೆಗೆ ಮೊದಲೇ ತುಂಬಿಸಿಡಬಹುದು, ಒಂದು ಸಲಕ್ಕೆ ₹1,000ವರೆಗೆ ಕೊಡಬಹುದು. ಪ್ರತಿ ಪಾವತಿಗೂ ಅದು ನಿಮ್ಮ ಬ್ಯಾಂಕಿನ ಕೋರ್ ವ್ಯವಸ್ಥೆಯ ಬಾಗಿಲು ತಟ್ಟುವುದಿಲ್ಲ, ಹಾಗಾಗಿ ಬ್ಯಾಂಕು ನಿಂತಾಗಲೂ ನಡೆಯುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ ಸಿಬಿಲ್, ಅಂದರೆ ನಿಮ್ಮ ಸಾಲ ಮರುಪಾವತಿಯ ಬಗ್ಗೆ ಕ್ರೆಡಿಟ್ ಸಂಸ್ಥೆ ಇಡುವ ದಾಖಲೆ. ಸಾಲದಾತರು ಕ್ರೆಡಿಟ್ ಸಂಸ್ಥೆಗಳಿಗೆ ಸಾಲದ ಸ್ಥಿತಿಯನ್ನು ತಿಂಗಳಿಗೆ ಕನಿಷ್ಠ ಎರಡು ಸಲ ಕಳುಹಿಸುತ್ತಾರೆ. ನೀವು 6ರಂದೇ ಕಂತು ಕಟ್ಟಿರುವುದರಿಂದ 15ರ ಹೊತ್ತಿಗೆ ಬಾಕಿ ಇರಬಾರದು. ಆದರೂ ಮುಂದಿನ ತಿಂಗಳು ವರದಿ ತೆಗೆದು ನೋಡಿ, ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಬಾಕಿ ಎಂದು ತಪ್ಪಾಗಿ ದಾಖಲಾಗಿದ್ದರೆ ಕ್ರೆಡಿಟ್ ಸಂಸ್ಥೆಯ ಜಾಲತಾಣದಲ್ಲೇ ತಿದ್ದುಪಡಿ ಕೋರಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಅಲ್ಲಿಯೂ ದಿನಕ್ಕೆ ₹100 ನಿಮಗೆ ಸಲ್ಲಬೇಕು.